ಅಪ್‌ಡೇಟ್: ಅಣ್ಣನ ಕುಡಿತದ ಬಗ್ಗೆ ಕೇಳಿದ್ದೆನಲ್ಲ
ಶ್ರೀನಿವಾಸಪುರದ ನಮ್ಮಣ್ಣನ ಕುಡಿತ ಬಿಡಿಸೋದು ಹೇಗೆ ಅಂತ 15 ದಿನದ ಹಿಂದೆ ಕೇಳಿದ್ದೆ. ಕುಡಿತ ಬಿಡಿಸುತ್ತೆ ಅನ್ನೋ ಪುಡಿಯನ್ನು ಅವನಿಗೆ ಹೇಳದೆ ಊಟದಲ್ಲಿ ಬೆರೆಸಿ ನೋಡಿದೆ, ತಪ್ಪು ಮಾಡಿದೆ. ವಾಂತಿ ಆಯಿತು, ವಿಷಯ ಗೊತ್ತಾಗಿ ಅಣ್ಣ ನನ್ನ ಜೊತೆ ಮಾತೇ ಬಿಟ್ಟ. ದೇವರ ಮುಂದೆ ಆಣೆ ಹಾಕಿಸಿದ್ದೂ ಎರಡೇ ದಿನ.

ಕೈ ಹಿಡಿದಿದ್ದು ಟೆಲಿ ಮನಸ್‌ಗೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಅಂದವರ ಸಲಹೆ. ಕನ್ನಡದಲ್ಲೇ ಮಾತಾಡಿದರು, ದುಡ್ಡೂ ಇಲ್ಲ. ಆಮೇಲೆ ಕೋಲಾರದಲ್ಲಿ ಮನೋವೈದ್ಯರಿಗೆ ತೋರಿಸಿದೆವು.

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದಂತೆ, ಜೀವಕ್ಕೇ ಅಪಾಯ. ಆಣೆ ಹಾಕಿದ ಮೇಲೆ ಅಣ್ಣ ನಡುಗುತ್ತಿದ್ದಾಗ ನಾಟಕ ಅಂತ ಬೈದಿದ್ದೆವು. ನೆನೆದರೆ ಸಂಕಟ ಆಗುತ್ತದೆ. ದಯವಿಟ್ಟು ಯಾರನ್ನೂ ಮನೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಬೇಡಿ. ಡಾಕ್ಟರು ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು. ಇವತ್ತಿಗೆ 9 ದಿನ, ಕುಡಿದಿಲ್ಲ. ನಿನ್ನೆ ರಾತ್ರಿ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ.