ಬ್ರೇಕ್ ‘ಫೇಡ್’ ಆಗುವುದಕ್ಕೆ ‘ಸೋಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ದಿನಾ ಆಫೀಸಿಗೆ ಓಡಿಸುವ ಬೈಕನ್ನೇ ಆಗಾಗ ರೇಸ್ ಟ್ರ್ಯಾಕಿಗೂ ಒಯ್ಯುವ ಗೆಳೆಯರು ಕೆಲವರಿದ್ದಾರೆ. ಬ್ರೇಕ್ ಪ್ಯಾಡ್ ಆರಿಸುವುದು ಹೇಗೆ ಎಂದು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ಯಾಡ್, ಡಿಸ್ಕ್, ಲಿವರ್ ಇವನ್ನು ಹಾಗೇ ಬಿಟ್ಟಿದ್ದೇನೆ, ಗ್ಯಾರೇಜಿನಲ್ಲಿ ಎಲ್ಲರೂ ಆಡುವ ಮಾತು. ತೊಡಕಿರುವುದು ‘ಬೈಟ್’ ಮತ್ತು ‘ಫೇಡ್’ (ಬ್ರೇಕ್ ಅತಿಯಾಗಿ ಕಾದು ಹಿಡಿಯದೇ ಹೋಗುವುದು) ಎಂಬ ಎರಡು ಪದಗಳಲ್ಲಿ.

ಲಿವರ್ ಒತ್ತಿದ ಕೂಡಲೇ ಪ್ಯಾಡ್ ಡಿಸ್ಕನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದು ಬೈಟ್. ನಾನು ಮೊದಲು ‘ಕಚ್ಚು’ ಎಂದು ಬರೆದೆ. ನಮ್ಮ ಮೆಕ್ಯಾನಿಕ್ ಅದನ್ನು ಓದಿ, ‘ಬ್ರೇಕ್ ಕಚ್ಕೊಂಡ್ರೆ ಗಾಡಿ ಮುಂದಕ್ಕೇ ಹೋಗಲ್ವಲ್ಲ ಸಾರ್’ ಅಂದರು. ನಿಜ. ‘ಬ್ರೇಕ್ ಹಿಡೀತು’ ಅಂದರೆ ಒಳ್ಳೆಯದು, ‘ಹಿಡ್ಕೊಂಡಿದೆ’ ಅಂದರೆ ಬಿಚ್ಚಿ ನೋಡಬೇಕು ಅಂತ. ಬರೀ ಒಂದು ‘ಕೊಳ್ಳು’ ಸೇರಿದ್ದಕ್ಕೆ ಅರ್ಥ ಎಷ್ಟು ಬದಲಾಯಿತು ನೋಡಿ. ಹಾಗಾಗಿ ‘ಹಿಡಿತ’ ಎಂದು ಬದಲಿಸಿದೆ.

ಆದರೆ ಯಾವ ಬಿಸಿಯಲ್ಲಿ ಹಿಡಿತ? ರಸ್ತೆಯ ಪ್ಯಾಡ್ ಬೆಳಗ್ಗೆ ಗೇಟು ದಾಟಿದ ಮೇಲೆ ಸಿಗುವ ಮೊದಲ ಹಂಪಿನಲ್ಲೇ ಹಿಡಿಯಬೇಕು. ಬರೀ ಟ್ರ್ಯಾಕಿಗೆಂದು ಮಾಡಿದ್ದು ಚೆನ್ನಾಗಿ ಕಾಯುವ ತನಕ ಸರಿಯಾಗಿ ಹಿಡಿಯುವುದಿಲ್ಲ. ಪ್ಯಾಡಿನ ಬೆನ್ನಿನ ಮೇಲೆ ಎಫ್‌ಎಫ್, ಎಚ್‌ಎಚ್ ಎಂದು ಎರಡು ಅಕ್ಷರ ಒತ್ತಿರುತ್ತಾರಲ್ಲ, ಅದರಲ್ಲಿ ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ, ಎರಡನೆಯ ಅಕ್ಷರ ಜಾಸ್ತಿ ಬಿಸಿಯಲ್ಲಿ ಅಳೆದ ಹಿಡಿತ. ಎಫ್ ಅಂದರೆ ಘರ್ಷಣೆಯ ಅಳತೆ (ಘರ್ಷಣಾಂಕ) 0.35ರಿಂದ 0.45, ಎಚ್ ಅಂದರೆ 0.55ಕ್ಕಿಂತ ಮೇಲೆ. ‘ತಣ್ಣಗಿನ ಹಿಡಿತ’, ‘ಕಾದ ಹಿಡಿತ’ ಎಂದು ಬರೆದರೆ ಓದುವವರಿಗೆ ತಿಳಿಯುತ್ತದಾ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಫೇಡ್. ಒಮ್ಮೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ರಸ್ತೆಯ ಪ್ಯಾಡಿನಲ್ಲೇ ಹೋಗಿದ್ದೆ. ಐದನೇ ಸುತ್ತಿಗೆ ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಬೈಕಿನ ವೇಗ ಮಾತ್ರ ಇಳಿಯುತ್ತಿಲ್ಲ. ಸುಟ್ಟ ವಾಸನೆ ಬೇರೆ. ಪಿಟ್‌ಗೆ ಬಂದು ಅರ್ಧ ಗಂಟೆ ಆರಲು ಬಿಟ್ಟೆ. ಆಮೇಲೆ ಮೊದಲಿನ ಹಾಗೇ ಹಿಡಿಯಿತು. ಹಾಗಾಗಿ ಇದು ‘ಬ್ರೇಕ್ ಫೇಲ್’ ಅಲ್ಲ. ‘ಮಾಸು’ ಬಟ್ಟೆಗೆ, ಬಣ್ಣಕ್ಕೆ ಸರಿ. ‘ಬಾಡು’ ಹೂವಿಗೆ ಸರಿ, ಆದರೆ ಬಾಡಿದ ಹೂವು ಮತ್ತೆ ಅರಳುವುದಿಲ್ಲ. ಬೆಟ್ಟ ಹತ್ತಿದವರು ‘ಕಾಲು ಸೋತು ಬಂತು’ ಅನ್ನುತ್ತಾರಲ್ಲ, ಆ ಸೋಲು ಇಲ್ಲಿಗೆ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಕೂತರೆ ಕಾಲಿಗೆ ಬಲ ಮರಳುತ್ತದೆ, ಅಲ್ವಾ?

ಇನ್ನೊಂದು ವಿಷಯ. ಲಿವರಿನ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿದರೂ ಇಂಗ್ಲಿಷಿನಲ್ಲಿ ಫೇಡ್ ಅಂತಲೇ ಅನ್ನುತ್ತಾರೆ. ಡಾಟ್ 4 ದರ್ಜೆಯ ಆಯಿಲ್ ಹೊಸತಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಗುಳ್ಳೆ ಎದ್ದು ಲಿವರ್ ಮೆತ್ತಗಾಗಿ ಹ್ಯಾಂಡಲಿನ ತನಕ ಬಂದುಬಿಡುತ್ತದೆ. ಮೊದಲನೆಯದಕ್ಕೆ ಪ್ಯಾಡ್ ಬದಲಿಸಬೇಕು, ಇದಕ್ಕೆ ಆಯಿಲ್. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಜನ ಸುಮ್ನೆ ದುಬಾರಿ ಪ್ಯಾಡ್ ಕೊಂಡು, ಹಳೇ ಆಯಿಲಿನಲ್ಲೇ ಟ್ರ್ಯಾಕಿಗೆ ಹೋಗುತ್ತಾರೆ. ಅದಕ್ಕೇ ‘ಪ್ಯಾಡ್ ಸೋತಿತು’, ‘ಲಿವರ್ ಮೆತ್ತಗಾಯಿತು’ ಎಂದು ಬೇರೆ ಮಾಡಿದ್ದೇನೆ.

ಒಂದು ಪದ ಮಾತ್ರ ತಾನಾಗಿ ಸಿಕ್ಕಿತು. ಹೊಸ ಪ್ಯಾಡನ್ನು ಮತ್ತೆ ಮತ್ತೆ ಹದವಾಗಿ ಬ್ರೇಕ್ ಹಾಕಿ ಕಾಯಿಸಿ, ಡಿಸ್ಕಿನ ಮೇಲೆ ತೆಳುವಾದ ಪದರ ಕೂರಿಸಬೇಕು. ಹೊಸ ದೋಸೆ ಕಾವಲಿಗೆ ಎಣ್ಣೆ ಸವರಿ ಕಾಯಿಸುವ ಹಾಗೆ. ‘ಪಳಗಿಸು’ ಎಂದು ಬರೆದೆ, ಕೇಳಿದವರಿಗೆಲ್ಲ ಥಟ್ಟನೆ ಅರ್ಥವಾಯಿತು.

‘ಸೋತಿತು’ ಅಂದಾಗ ನಿಮ್ಮ ಕಿವಿಗೆ ‘ಪೂರ್ತಿ ಕೆಟ್ಟಿತು’ ಎಂದು ಕೇಳುತ್ತದೆಯೇ? ಶಿರಾಡಿ ಘಾಟಿಯಲ್ಲಿ ಲೋಡು ಹೊತ್ತು ಇಳಿಯುವ ಲಾರಿಗಳ ಡ್ರೈವರುಗಳು ಬ್ರೇಕ್ ಕಾದು ಹಿಡಿಯದೇ ಹೋದಾಗ ಏನನ್ನುತ್ತಾರೆ? ನಿಮ್ಮ ಮನೆಯಲ್ಲಿ, ಊರಿನಲ್ಲಿ ಡ್ರೈವರುಗಳಿದ್ದರೆ ದಯವಿಟ್ಟು ಕೇಳಿ, ಅವರು ಆಡಿದ ಮಾತನ್ನೇ ಬರೆದು ಕಳಿಸಿ.