ಬೆಳಗ್ಗೆ ನೋಡಿದರೆ ಕಾರು ನೆಲಕ್ಕೆ ಕೂತಿರುತ್ತದೆ: ಹೈಡ್ರಾಲಿಕ್ ಸಸ್ಪೆನ್ಷನ್ ಮಾಡಿಸಿದವರು ಅನುಭವ ಹೇಳಿ

ಸಂಬಂಧಿಕರೊಬ್ಬರ ಹಳೆಯ ಸಿಟ್ರೋಯನ್ ಬಿಎಕ್ಸ್ ಈಗ ನನ್ನ ಕೈಗೆ ಬಂದಿದೆ. ಸ್ಪ್ರಿಂಗ್ ಬದಲು ಆಯಿಲ್ ಒತ್ತಡದ ಮೇಲೆ ನಿಲ್ಲುವ ಕಾರು ಇದು. ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಏಳುವುದಕ್ಕೆ ಐದಾರು ನಿಮಿಷ ಬೇಕು, ಅಷ್ಟು ಹೊತ್ತೂ ಪಂಪ್ ಗೊರಗೊರ ಅನ್ನುತ್ತದೆ. ಹೊರಟರೆ ಎತ್ತಿನ ಗಾಡಿ ಕುಲುಕಿದ ಹಾಗೆ ಕುಲುಕುತ್ತದೆ. ಒಬ್ಬ ಮೆಕ್ಯಾನಿಕ್ "ಪಂಪ್, ಐದು ಸ್ಫಿಯರ್, ಎಲ್ಲ ಹೊರದೇಶದಿಂದ ತರಿಸಿ" ಅಂದರು. ಇನ್ನೊಬ್ಬರು "ಅದನ್ನೆಲ್ಲ ಕಿತ್ತು ಸ್ಪ್ರಿಂಗ್ ಹಾಕಿಬಿಡೋಣ" ಅಂತಾರೆ. ಮೊದಲು ಏನು ನೋಡಬೇಕು? ಪಾರ್ಟ್ಸ್ ತರಿಸುವಾಗ ಎಲ್ಲಿ ಎಡವುತ್ತೇವೆ? ಮಾಡಿಸಿದವರು ದಯವಿಟ್ಟು ಹೇಳಿ.

ಹನ್ನೊಂದು ವರ್ಷದಿಂದ ಬಿಎಕ್ಸ್ ಇಟ್ಟಿರುವವರು:

ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ನನ್ನ ಕಾರೂ ಹೀಗೇ ಗೊರಗೊರ ಅನ್ನುತ್ತಿತ್ತು. ಪಂಪ್ ಹೋಗಿದೆ ಅಂತ ಗ್ಯಾರೇಜಿನವರು ಹೇಳಿದರು, ನಾನೂ ನಂಬಿ ಹೊರದೇಶದಿಂದ ಪಂಪ್ ತರಿಸಿದೆ. ಎರಡು ತಿಂಗಳು ಕಾದೆ. ಹಾಕಿದ ಮೇಲೂ ಅದೇ ಗೊರಗೊರ. ಕೊನೆಗೆ ನೋಡಿದರೆ ಆಯಿಲ್ ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಹೋಸ್ ಒಣಗಿ ಬಿರುಕು ಬಿಟ್ಟಿತ್ತು. ಅದರಿಂದ ಆಯಿಲ್ ಹೊರಗೆ ಬರುತ್ತಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಒಂದು ಗೇಣು ಹೋಸಿಗೆ ನಾನು ಇಡೀ ಪಂಪ್ ಬದಲಾಯಿಸಿದ್ದೆ. ಹಳೆಯ ಪಂಪ್ ಇನ್ನೂ ಅಟ್ಟದ ಮೇಲಿದೆ, ಸರಿಯಾಗೇ ಇದೆ.

ಹಾಗಾಗಿ ಏನನ್ನೂ ಆರ್ಡರ್ ಮಾಡುವ ಮೊದಲು ನಿಮ್ಮ ಮೂರು ತೊಂದರೆಗಳನ್ನು ಬೇರೆ ಬೇರೆ ಮಾಡಿ ನೋಡಿ. ಅವು ಒಂದೇ ಕಾಯಿಲೆ ಅಲ್ಲ.

ರಾತ್ರಿ ಕೂರುವುದು ಕಾಯಿಲೆಯೇ ಅಲ್ಲ. ಬಿಎಕ್ಸ್ ಹಾಗೆಯೇ ಮಾಡುತ್ತದೆ. ಎಂಜಿನ್ ನಿಂತ ಮೇಲೆ ಒತ್ತಡ ನಿಧಾನಕ್ಕೆ ಸೋರಿ ಡಬ್ಬಿಗೆ ವಾಪಸ್ ಬರುತ್ತದೆ, ಕಾರು ಇಳಿಯುತ್ತದೆ. ಕೂರದ ಹಾಗೆ ತಡೆಯುವ ವಾಲ್ವ್ ಆಮೇಲಿನ ಕ್ಸಾಂಟಿಯಾ, ಎಕ್ಸ್‌ಎಂ ಕಾರುಗಳಿಗೆ ಬಂತು. ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಕುಸಿದರೆ ಆಗ ಚಿಂತೆ ಮಾಡಿ.

ನಿಧಾನಕ್ಕೆ ಏಳುವುದು, ಪಂಪ್ ಸದ್ದು ಮಾಡುವುದು: ಇಲ್ಲಿ ನನ್ನ ಸಂಶಯ ಗಾಳಿಯ ಮೇಲೆ. ಎಂಜಿನ್ ಓಡುತ್ತಿರುವಾಗ ಡಬ್ಬಿಯಲ್ಲಿ ಇಣುಕಿ. ಆಯಿಲ್ ನೊರೆನೊರೆ ಆಗಿದ್ದರೆ ಗಾಳಿ ಸೇರುತ್ತಿದೆ. ಮಟ್ಟ ನೋಡಬೇಕಾದ್ದು ಕಾರಿನ ಎತ್ತರ ಬದಲಿಸುವ ಲಿವರ್ ಪೂರ್ತಿ ಮೇಲಿಟ್ಟು, ಎಂಜಿನ್ ಓಡಿಸಿಕೊಂಡೇ. ಕೂತಿರುವ ಕಾರಿನಲ್ಲಿ ನೋಡಿದರೆ ಜಾಸ್ತಿ ಕಾಣುತ್ತದೆ, ಯಾಕೆಂದರೆ ಆಯಿಲ್ ಎಲ್ಲ ವಾಪಸ್ ಬಂದಿರುತ್ತದೆ. ಡಬ್ಬಿಯೊಳಗೆ ಫಿಲ್ಟರ್‌ಗಳೂ ಇವೆ. ನಾಲ್ಕು ವರ್ಷ ನಿಂತ ಕಾರಲ್ವಾ, ನಿಮ್ಮದರಲ್ಲಿ ಕೆಸರು ಕಟ್ಟಿರುತ್ತದೆ. ತೆಗೆದು ತೊಳೆಯಿರಿ. ಹೋಸ್ ಬದಲಿಸಿ. ಆಮೇಲೆ ಲಿವರ್ ಅನ್ನು ಕೆಳಗೆ, ಮೇಲೆ, ಮತ್ತೆ ಕೆಳಗೆ ಅಂತ ಏಳೆಂಟು ಸಲ ಆಡಿಸಿ. ಪ್ರತಿ ಸಲವೂ ಕಾರು ಪೂರ್ತಿ ಎದ್ದು ಕೂರುವ ತನಕ ಕಾಯಿರಿ. ಒಳಗೆ ಸಿಕ್ಕಿಕೊಂಡ ಗಾಳಿ ಹೀಗೆ ಹೊರಗೆ ಬರುತ್ತದೆ. ನೋಡುವವರಿಗೆ ಕಾರು ಬಸ್ಕಿ ಹೊಡೆಯುತ್ತಿರುವ ಹಾಗೆ ಕಾಣುತ್ತದೆ, ಕಾಣಲಿ ಬಿಡಿ.

ಕುಲುಕುವುದು ಮಾತ್ರ ಗುಂಡುಗಳದ್ದೇ. ಸ್ಫಿಯರ್ ಅಂದರೆ ಉಕ್ಕಿನ ಗುಂಡು. ಒಳಗೆ ಅಡ್ಡಲಾಗಿ ರಬ್ಬರ್ ಪದರ, ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಆಯಿಲ್. ಸ್ಪ್ರಿಂಗ್ ಕೆಲಸ ಮಾಡುವುದು ಆ ಗ್ಯಾಸೇ. ಅದು ವರ್ಷಗಳ ಮೇಲೆ ರಬ್ಬರಿನ ಮೂಲಕವೇ ಸ್ವಲ್ಪಸ್ವಲ್ಪ ಆಯಿಲ್ ಕಡೆಗೆ ನುಸುಳಿ ಖಾಲಿಯಾಗುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆಮೇಲೆ ಕಾರು ಕಲ್ಲಿನ ಹಾಗೆ. ಎಂಜಿನ್ ಓಡಿಸಿ, ಕಾರು ಎದ್ದು ನಿಂತ ಮೇಲೆ ಒಂದೊಂದು ಮೂಲೆಯನ್ನೂ ಕೈಯಿಂದ ಅದುಮಿ. ಮೆತ್ತಗೆ ತೂಗಿದರೆ ಗ್ಯಾಸ್ ಇದೆ. ಅಲ್ಲಾಡದಿದ್ದರೆ ಇಲ್ಲ.

ಐದನೇ ಗುಂಡು ಎಂಜಿನ್ ಹತ್ತಿರ ಇರುವುದು, ಒತ್ತಡ ಕೂಡಿಡುವ ಅಕ್ಯುಮುಲೇಟರ್. ಒತ್ತಡ ಸುಮಾರು 145 ಬಾರ್‌ಗೆ ಇಳಿದರೆ ಅದನ್ನು ಕಾಯುವ ರೆಗ್ಯುಲೇಟರ್ ತುಂಬಲು ಶುರು ಮಾಡುತ್ತದೆ, 170ರ ಹತ್ತಿರ ನಿಲ್ಲಿಸುತ್ತದೆ. ಆಗೆಲ್ಲ ಟಿಕ್ ಅನ್ನುವ ಸದ್ದು. ಸುಮ್ನೆ ಐಡಲ್‌ನಲ್ಲಿ ಬಿಟ್ಟು, ಸ್ಟೇರಿಂಗ್, ಬ್ರೇಕ್ ಮುಟ್ಟದೆ ಎಣಿಸಿ. ಅರ್ಧ ನಿಮಿಷಕ್ಕೊಮ್ಮೆ ಅಥವಾ ಅದಕ್ಕೂ ನಿಧಾನಕ್ಕೆ ಟಿಕ್ ಅಂದರೆ ಚೆನ್ನಾಗಿದೆ. ಗಡಿಯಾರದ ಹಾಗೆ ಎರಡು ಮೂರು ಸೆಕೆಂಡಿಗೊಮ್ಮೆ ಅಂದರೆ ಆ ಗುಂಡು ಮುಗಿದಿದೆ. ಮೊದಲು ಅದನ್ನೇ ಬದಲಿಸಿ.

ಸ್ಪ್ರಿಂಗ್ ಹಾಕೋಣ ಅಂದವರಿಗೆ ಒಂದು ಪ್ರಶ್ನೆ ಕೇಳಿ: ಬ್ರೇಕ್ ಏನು ಮಾಡುತ್ತೀರಿ? ಬಿಎಕ್ಸ್‌ನಲ್ಲಿ ಬ್ರೇಕೂ ಇದೇ ಆಯಿಲಿನಿಂದ ನಡೆಯುತ್ತದೆ. ಹಿಂದಿನ ಬ್ರೇಕಿಗೆ ಒತ್ತಡ ಬರುವುದೇ ಹಿಂದಿನ ಸಸ್ಪೆನ್ಷನ್ನಿನಿಂದ. ಹಿಂದೆ ಭಾರ ಜಾಸ್ತಿಯಾದರೆ ಬ್ರೇಕೂ ಜಾಸ್ತಿ ಹಿಡಿಯುತ್ತದೆ. ಪಾಲ್ ಮಾಜೆಸ್ ಅನ್ನುವ ಎಂಜಿನಿಯರ್ ಕಟ್ಟಿದ ವ್ಯವಸ್ಥೆ ಇದು. 1954ರಲ್ಲಿ ಹಳೆಯ ಟ್ರಾಕ್ಷನ್ ಅವಾಂ ಕಾರಿನ ಹಿಂದಿನ ಚಕ್ರಗಳಿಗೆ ಮಾತ್ರ ಹಾಕಿದರು, ಮರುವರ್ಷ ಡಿಎಸ್ ಅನ್ನುವ ಮಾದರಿಯಲ್ಲಿ ಇಡೀ ಕಾರಿಗೇ ಹಾಕಿದರು. ಒಂದನ್ನು ಕಿತ್ತರೆ ಇನ್ನೊಂದು ಅಲ್ಲಾಡುವ ಹಾಗೆ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದೆ. ನನ್ನ ಕೇಳಿದರೆ, ಸ್ಪ್ರಿಂಗ್ ಹಾಕಿದ ಬಿಎಕ್ಸ್‌ಗಿಂತ ಬೇರೆ ಕಾರೇ ಮೇಲು.

ಡಿಎಸ್ ಇಟ್ಟಿರುವವರು:

ಆಯಿಲ್ ಬಣ್ಣ ನೋಡದೆ ಒಂದು ಹನಿಯೂ ಹಾಕಬೇಡಿ. ಬಿಎಕ್ಸ್‌ಗೆ ಹಸಿರು, ಅಂದರೆ ಎಲ್‌ಎಚ್‌ಎಂ, ಮಿನರಲ್ ಆಯಿಲ್. ಹಳೆಯ ಡಿಎಸ್‌ಗಳಿಗೆ ಕೆಂಪು ಎಲ್‌ಎಚ್‌ಎಸ್, ಅದು ಬ್ರೇಕ್ ಆಯಿಲಿನ ಜಾತಿ. 2001ರ ಸಿಟ್ರೋಯನ್ ಸಿ5 ಕಾರಿನಿಂದ ಮುಂದೆ ಕಿತ್ತಳೆ ಬಣ್ಣದ ಎಲ್‌ಡಿಎಸ್. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ನನ್ನ ಕಾರಿನ ಹಿಂದಿನ ಮಾಲೀಕರು ಕೆಂಪು ಸಿಗಲಿಲ್ಲ ಅಂತ ಹಸಿರು ಸುರಿದಿದ್ದರು. ಸೀಲುಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆ ಬಿಚ್ಚಬೇಕಾಯಿತು, ಒಂದು ಮಳೆಗಾಲ ಪೂರ್ತಿ ಅದಕ್ಕೇ ಹೋಯಿತು. ನಿಮ್ಮ ಕಾರಿಗೆ ಅಪಾಯ ಉಲ್ಟಾ: ಡಬ್ಬಿ ಖಾಲಿ ಇದೆ ಅಂತ ಯಾರಾದರೂ ಬ್ರೇಕ್ ಆಯಿಲ್ ಸುರಿದಾರು.

ಎಲ್‌ಎಚ್‌ಎಂ ಅನ್ನು ಹೊರದೇಶದಿಂದ ತರಿಸುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ಡಬ್ಬಿಯ ಮೇಲೆ ಎಲ್‌ಎಚ್‌ಎಂ ಅಂತಲೋ ಐಎಸ್‌ಒ 7308 ಅಂತಲೋ ಇದೆಯಾ ನೋಡಿ.

ಗ್ಯಾರೇಜ್ ನಡೆಸುವವರು:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಜೀವದ ಮಾತು ಯಾರೂ ಹೇಳಲಿಲ್ಲ. ಲಿವರ್ ಮೇಲಿಟ್ಟು ಕಾರು ಎದ್ದಿದೆ ಅಂತ ಕೆಳಗೆ ನುಗ್ಗಬೇಡಿ. ಒಂದು ಪೈಪ್ ಕಿತ್ತರೆ ಇಡೀ ಕಾರು ಒಂದೇ ಸಲ ಕೂರುತ್ತದೆ. ಬಾಡಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೈ ಹಾಕಿ. ಸೋರುವ ಪೈಪನ್ನು ಬೆರಳಿನಿಂದ ತಡವಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ನೂರೈವತ್ತು ಬಾರ್ ಒತ್ತಡದ ಆಯಿಲಿನ ಸಣ್ಣ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಆದರೂ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗುಂಡು ಬಿಚ್ಚುವ ಮೊದಲು ಎಂಜಿನ್ ಆಫ್, ಲಿವರ್ ಪೂರ್ತಿ ಕೆಳಗೆ, ರೆಗ್ಯುಲೇಟರ್ ಮೇಲಿನ, ಒತ್ತಡ ಬಿಡುವ ಬ್ಲೀಡ್ ಸ್ಕ್ರೂ ಒಂದು ಸುತ್ತು ಸಡಿಲ. ಪೂರ್ತಿ ಬಿಚ್ಚಿದರೆ ಒಳಗಿನ ಪುಟ್ಟ ಬಾಲ್ ಉರುಳಿ ಎಲ್ಲೋ ಹೋಗುತ್ತದೆ, ಆಮೇಲೆ ನೆಲದಲ್ಲಿ ಹುಡುಕಬೇಕು. ಗುಂಡು ತಿರುಗದಿದ್ದರೆ ಬೆಲ್ಟ್ ಅಥವಾ ಚೈನ್ ವ್ರೆಂಚ್ ಹಾಕಿ, ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಡಿ. ಕೂರಿಸುವಾಗ ಹೊಸ ರಬ್ಬರ್ ರಿಂಗ್, ಅದಕ್ಕೆ ಅದೇ ಆಯಿಲ್ ಸವರಿ. ಕೈಯಲ್ಲೇ ಬಿಗಿ ಮಾಡಿದರೆ ಸಾಕು.

ಕಳಚಿದ ಗುಂಡನ್ನು ಬಗ್ಗಿಸಿ ಆಯಿಲ್ ಸುರಿಯಿರಿ. ಆಮೇಲೂ ಭಾರ ಅನ್ನಿಸಿದರೆ ರಬ್ಬರ್ ಹರಿದು ಗ್ಯಾಸ್ ಕಡೆಯೂ ಆಯಿಲ್ ತುಂಬಿದೆ ಅಂತ ಅರ್ಥ, ಅದನ್ನು ಬಿಸಾಕಬೇಕು. ಹಗುರ ಇದ್ದರೆ ರಬ್ಬರ್ ಚೆನ್ನಾಗಿರಬಹುದು. ಅಂಥದ್ದಕ್ಕೆ ಮತ್ತೆ ನೈಟ್ರೋಜನ್ ತುಂಬಿಸಬಹುದು, ತುಂಬುವ ಸ್ಕ್ರೂ ಇರುವ ಗುಂಡು ಆಗಿದ್ದರೆ ಇನ್ನೂ ಸುಲಭ. ಸಲಕರಣೆ ಇರುವವರೇ ತುಂಬಲಿ. ಗಾಳಿ ಬೇಡ. ಆಕ್ಸಿಜನ್ ಅಂತೂ ಬೇಡವೇ ಬೇಡ, ಆಯಿಲ್ ಜೊತೆ ಸೇರಿದರೆ ಸಿಡಿಯುತ್ತದೆ.

ಕ್ಸಾಂಟಿಯಾ ಮಾಲೀಕರು, ಮೂರು ಸಲ ಪಾರ್ಸೆಲ್ ತರಿಸಿದವರು:

ಪಾರ್ಟ್ಸ್ ವಿಷಯ ನಾನು ಹೇಳುತ್ತೇನೆ. ಫ್ರಾನ್ಸ್, ನೆದರ್ಲೆಂಡ್ಸ್, ಜರ್ಮನಿ, ಬ್ರಿಟನ್ ಕಡೆ ಈ ಕಾರುಗಳ ಪಾರ್ಟ್ಸ್ ಮಾತ್ರ ಮಾರುವವರು ಇದ್ದಾರೆ. ಸಿಗುವುದು ಕಷ್ಟವಲ್ಲ. ಸರಿಯಾದದ್ದು ಬರುವುದು ಕಷ್ಟ.

ಗುಂಡುಗಳು ನೋಡಲು ಎಲ್ಲ ಒಂದೇ. ಹೆಚ್ಚಿನವು ಒಂದರ ಜಾಗಕ್ಕೆ ಇನ್ನೊಂದು ಕೂರುತ್ತವೆ ಕೂಡ, ಅದೇ ಅಪಾಯ. ಒಳಗಿನ ಗ್ಯಾಸ್ ಒತ್ತಡ ಬೇರೆ, ಆಯಿಲ್ ಹಾಯುವ ತೂತು ಬೇರೆ. ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ, ಹಿಂದೆ ಸಾಮಾನಿನ ಜಾಗ ದೊಡ್ಡದಿರುವ ಎಸ್ಟೇಟ್‌ಗೂ ಸಾಮಾನ್ಯ ಕಾರಿಗೂ ವ್ಯತ್ಯಾಸ. ನನ್ನ ಮೊದಲ ಪಾರ್ಸೆಲ್‌ನಲ್ಲಿ ಹಿಂದಿನ ಎರಡು ತಪ್ಪು ಬಂದವು. ನಾನು ಗೊತ್ತಿಲ್ಲದೆ ಹಾಕಿಯೂ ಹಾಕಿದೆ. ಪ್ರತಿ ಉಬ್ಬಿಗೂ ಹಿಂಭಾಗ ಕುದುರೆಯ ಹಾಗೆ ಎಗರುತ್ತಿತ್ತು. ಹಳೆಯ ಗುಂಡಿನ ಮೇಲಿನ ಗುರುತು ಉಜ್ಜಿ ಓದಿ, ಫೋಟೋ ತೆಗೆಯಿರಿ. ಚಾಸಿ ನಂಬರ್ ಜೊತೆಗೆ ಓಆರ್‌ಜಿಎ ನಂಬರನ್ನೂ ಕಳಿಸಿ. ಕಾರು ತಯಾರಾದ ದಿನ ಹೇಳುವ ಸಂಖ್ಯೆ ಅದು. ಒಂದೇ ವರ್ಷದ ಎರಡು ಕಾರಿಗೆ ಬೇರೆ ಪಾರ್ಟ್ ಇದ್ದಾಗ ಮಾರುವವರು ಅದರಿಂದಲೇ ತೀರ್ಮಾನ ಮಾಡುತ್ತಾರೆ.

"ಹಳೆಯ ಸ್ಟಾಕ್, ಬಳಸಿಲ್ಲ, ಅಸಲಿ" ಅಂತ ಯಾರಾದರೂ ಆಸೆ ತೋರಿಸಿದರೆ ಗುಂಡಿನ ವಿಷಯದಲ್ಲಿ ಮರುಳಾಗಬೇಡಿ. ಕಪಾಟಿನಲ್ಲಿ ಕೂತರೂ ಗ್ಯಾಸ್ ಸೋರುತ್ತದೆ. ಯಾವಾಗ ಗ್ಯಾಸ್ ತುಂಬಿದ್ದು ಅಂತ ಕೇಳಿ.

ಇನ್ನು ಸಾಗಣೆ. ಒತ್ತಡದ ಗ್ಯಾಸ್ ಇರುವ ವಸ್ತು ಆದ್ದರಿಂದ ಇದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಬರುತ್ತದೆ, ಅದರ ಸಂಖ್ಯೆ ಯುಎನ್ 3164. ಶಾಕ್ ಅಬ್ಸಾರ್ಬರ್ ತರಹದ ಚಿಕ್ಕ ವಸ್ತುಗಳಿಗೆ ಷರತ್ತಿನ ಮೇಲೆ ರಿಯಾಯಿತಿ ಇದೆ, ಆದರೆ ಕಾಗದದಲ್ಲಿ ಅದನ್ನು ಸರಿಯಾಗಿ ಬರೆಯಬೇಕಾದವರು ಕಳಿಸುವವರು. ನನ್ನ ಎರಡನೇ ಪಾರ್ಸೆಲ್‌ನ ಬಿಲ್ಲಿನಲ್ಲಿ "ಗ್ಯಾಸ್ ಗೋಳ" ಅಂತಷ್ಟೇ ಇತ್ತು. ಕಸ್ಟಮ್ಸ್‌ನಲ್ಲಿ ಸಿಲಿಂಡರ್ ಅಂದುಕೊಂಡು ಮೂರು ವಾರ ಕೂರಿಸಿದರು. ಪಾರ್ಟ್ಸ್ ಕ್ಯಾಟಲಾಗಿನ ಚಿತ್ರ, ಮಾರಿದವರ ತಾಂತ್ರಿಕ ಹಾಳೆ ಕೊಟ್ಟ ಮೇಲೆ ಬಿಟ್ಟರು. ಮೂರನೇ ಸಲ ಮೊದಲೇ ಹೇಳಿ "ಕಾರಿನ ಸಸ್ಪೆನ್ಷನ್ ಭಾಗ" ಅಂತ ಬರೆಸಿದೆ, ಜೊತೆಗೆ ಸುಂಕದ ಕೋಡ್ 8708.80. ತಕರಾರಿಲ್ಲದೆ ಬಂತು. ಹಣ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಈ ಹಿಂದೆ ನಮ್ಮ ದೇಶಕ್ಕೆ ಗುಂಡು ಕಳಿಸಿದ್ದೀರಾ, ಯಾವ ಕೊರಿಯರ್‌ನಲ್ಲಿ?" ತಡವರಿಸಿದರೆ ಬೇರೆಯವರನ್ನು ನೋಡಿ.

ಸುಂಕವನ್ನು ಬಹಳ ದೇಶಗಳಲ್ಲಿ ವಸ್ತುವಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿ ಲೆಕ್ಕ ಹಾಕುತ್ತಾರೆ. ಐದು ಗುಂಡು ಅಂದರೆ ಒಳ್ಳೆ ಭಾರ, ಸಾಗಣೆಯೇ ಜೋರಾಗುತ್ತದೆ. ಹಾಗಾಗಿ ಬಿಡಿಬಿಡಿಯಾಗಿ ತರಿಸಬೇಡಿ. ಗುಂಡಿನ ಜೊತೆಗೇ ರಬ್ಬರ್ ರಿಂಗ್, ಪೈಪ್ ತುದಿಯ ಪುಟ್ಟ ಸೀಲುಗಳು, ಧೂಳು ತಡೆಯುವ ರಬ್ಬರ್ ಬೂಟುಗಳು, ಆಯಿಲ್ ಡಬ್ಬಿಗೆ ವಾಪಸ್ ತರುವ ರಿಟರ್ನ್ ಹೋಸ್ ಸೆಟ್ ಹಾಕಿಸಿಕೊಳ್ಳಿ. ಇವಕ್ಕೆ ತೂಕವಿಲ್ಲ, ಆದರೆ ಇವಿಲ್ಲದೆ ಕಾರು ಸ್ಟ್ಯಾಂಡ್ ಮೇಲೆ ತಿಂಗಳು ನಿಲ್ಲುತ್ತದೆ. ರಿಟರ್ನ್ ಹೋಸ್ ಹತ್ತಿರದಲ್ಲೇ ಕೊಂಡರೆ ಮಿನರಲ್ ಆಯಿಲ್ ತಡೆಯುವ ನೈಟ್ರೈಲ್ ರಬ್ಬರ್ ಅಂತ ಕೇಳಿ ತಗೊಳ್ಳಿ. ಬ್ರೇಕ್ ಆಯಿಲಿಗೆ ಬಳಸುವ ಇಪಿಡಿಎಂ ರಬ್ಬರ್ ಇದರಲ್ಲಿ ಊದಿಹೋಗುತ್ತದೆ.

ಬೆಲೆ ಕಡಿಮೆ ತೋರಿಸಿ, "ಉಡುಗೊರೆ" ಅಂತ ಬರೆಸಿ ಎನ್ನುವವರು ಸಿಗುತ್ತಾರೆ. ಪಾರ್ಸೆಲ್ ಕಳೆದುಹೋದರೆ ವಿಮೆಯೂ ಅಷ್ಟೇ ಸಿಗುತ್ತದೆ ಅನ್ನುವುದನ್ನು ಅವರು ಹೇಳುವುದಿಲ್ಲ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಧನ್ಯವಾದ. ಡಬ್ಬಿಯಲ್ಲಿ ನೊರೆ ಇತ್ತು! ಹೋಸ್ ಹಿಂಡಿದರೆ ಬಿರುಕು ಬಾಯಿ ಬಿಡುತ್ತಿತ್ತು. ಹೋಸ್ ಬದಲಿಸಿ, ಫಿಲ್ಟರ್ ತೊಳೆದು, ಹೊಸ ಹಸಿರು ಆಯಿಲ್ ಹಾಕಿದೆ. ಬಸ್ಕಿಯೂ ಹೊಡೆಸಿದೆ. ಈಗ ಒಂದು ನಿಮಿಷದೊಳಗೆ ಏಳುತ್ತದೆ, ಪಂಪ್ ಸದ್ದಿಲ್ಲ. ಟಿಕ್ ಮಾತ್ರ ನಾಲ್ಕು ಸೆಕೆಂಡಿಗೊಮ್ಮೆ. ಮುಂದಿನ ಎರಡು ಮೂಲೆ ಸ್ವಲ್ಪ ತೂಗುತ್ತವೆ, ಹಿಂದಿನವು ಕಲ್ಲು. ಐದೂ ಗುಂಡು ಒಟ್ಟಿಗೆ ತರಿಸುವುದಾ, ಮೂರು ಸಾಕಾ? ಇನ್ನೊಂದು, ಹಿಂದಿನ ಎಡಗಡೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ ಹಾಗೆ ಕಾಣುತ್ತದೆ. ಇದೂ ಗುಂಡಿನದೇ?

ಹನ್ನೊಂದು ವರ್ಷದಿಂದ ಬಿಎಕ್ಸ್ ಇಟ್ಟಿರುವವರು:

ಐದೂ ತರಿಸಿ, ಸಾಗಣೆ ಒಂದೇ ಸಲ ಆಗಲಿ. ಮುಂದಿನವು ಹೇಗೂ ಅದೇ ವಯಸ್ಸಿನವು.

ಚಕ್ರ ವಾಲಿದ್ದು ಗುಂಡಿನದಲ್ಲ, ಹಿಂದಿನ ಚಕ್ರ ಹಿಡಿದಿರುವ ಆರ್ಮ್‌ನ ಬೇರಿಂಗ್. ನೀರು ಸೇರಿ ತುಕ್ಕು ಹಿಡಿಯುತ್ತದೆ, ಬಿಎಕ್ಸ್‌ಗೆ ಮಾಮೂಲಿ ಕಾಯಿಲೆ. ಬಿಟ್ಟರೆ ಬೇರಿಂಗ್ ಕೂರುವ ಜಾಗವೇ ಸವೆದು ಇಡೀ ಆರ್ಮ್ ತರಿಸಬೇಕಾಗುತ್ತದೆ. ಆರ್ಡರ್ ಇನ್ನೂ ಕಳಿಸಿಲ್ಲ ತಾನೆ? ಬೇರಿಂಗ್ ಕಿಟ್ ಎರಡೂ ಕಡೆಗೆ ಸೇರಿಸಿ. ಹಿಂದಿನ ಗುಂಡು ಬಿಚ್ಚುವ ದಿನವೇ ಅದನ್ನೂ ಮುಗಿಸಬಹುದು. ಆ ದಿನ ಆರ್ಮ್ ಹತ್ತಿರ ಹಾದುಹೋಗುವ ಉಕ್ಕಿನ ಪೈಪುಗಳನ್ನೂ ಬಟ್ಟೆಯಿಂದ ಒರೆಸಿ ನೋಡಿ. ತುಕ್ಕು ಹಿಡಿದ ಪೈಪನ್ನು ಬಗ್ಗಿಸಲು ಹೋದರೆ ಅಲ್ಲೇ ಮುರಿಯುತ್ತದೆ. ನನಗೆ ಹಾಗೇ ಆಯಿತು.