‘ಎರಡೂ ಆಗಬಾರದು’ ಅನ್ನುವ ನಿಯಮವನ್ನು ಬರೆದುಕೊಳ್ಳೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಲಾಜಿಕ್ ಗೇಮ್ಸ್‌ನಲ್ಲಿ (ಕೊಟ್ಟ ನಿಯಮಗಳಿಂದ ಉತ್ತರ ಕಂಡುಕೊಳ್ಳುವ ತರ್ಕದ ಪ್ರಶ್ನೆಗಳು) ಕ್ರಮ ಜೋಡಿಸುವ ಪ್ರಶ್ನೆಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಆರು ಭಾಷಣ, ಒಂದಾದ ಮೇಲೊಂದು. ಒಂದು ನಿಯಮ ಹೀಗಿದೆ: ‘ಎ ಭಾಷಣ ಬಿಗಿಂತ ಮೊದಲು ಅಥವಾ ಸಿ ಆದ ಮೇಲೆ ಇರಬೇಕು, ಎರಡೂ ಆಗಬಾರದು.’ ‘ಎ–ಬಿ’ ಅಂತ ಒಂದು, ‘ಸಿ–ಎ’ ಅಂತ ಇನ್ನೊಂದು ಬರೆದುಕೊಂಡೆ. ಅಲ್ಲಿಂದ ಮುಂದೆ ಹೋಗೋಕೆ ಆಗುತ್ತಿಲ್ಲ.

ಉತ್ತರ: ಶುರು ಸರಿಯಾಗಿದೆ. ಆದರೆ ‘ಎರಡೂ ಆಗಬಾರದು’ ಅನ್ನುವ ಮಾತು ನಿಮ್ಮ ಚಿತ್ರಕ್ಕೆ ಇನ್ನೂ ಬಂದಿಲ್ಲ. ಇಡೀ ಗೇಮ್ ನಿಂತಿರೋದೇ ಅದರ ಮೇಲೆ.

ಮೊದಲನೆಯದನ್ನು ನೋಡಿ. ಎ ಬಿಗಿಂತ ಮೊದಲು ಬಂತು. ಹಾಗಾದರೆ ಅದು ಸಿ ಆದ ಮೇಲೆ ಬರುವಂತಿಲ್ಲ. ಒಂದು ಜಾಗಕ್ಕೆ ಒಂದೇ ಭಾಷಣ, ಆದ್ದರಿಂದ ‘ಆಮೇಲೆ ಅಲ್ಲ’ ಅಂದರೆ ‘ಮೊದಲು’ ಅಂತಲೇ, ಅಲ್ವಾ? ಅಂದರೆ ಎ ಸಿಗಿಂತಲೂ ಮೊದಲು. ಎರಡನೆಯದಕ್ಕೂ ಇದೇ ದಾರಿ: ಎ ಸಿ ಆದ ಮೇಲೆ ಬಂದರೆ ಬಿ ಆದ ಮೇಲೂ ಬರಲೇಬೇಕು. ಒಟ್ಟಿನಲ್ಲಿ ಎ ಇಬ್ಬರಿಗೂ ಮೊದಲು, ಇಲ್ಲವೇ ಇಬ್ಬರಿಗೂ ಕೊನೆಗೆ. ನಡುವೆ ಎಂದೂ ಇಲ್ಲ. ಇಷ್ಟು ಗದ್ದಲದ ನಿಯಮದೊಳಗೆ ಇಷ್ಟು ಸರಳ ಮಾತು ಅಡಗಿರೋದು ನನಗೆ ಈಗಲೂ ಖುಷಿ ಕೊಡುತ್ತದೆ.

ಇದರ ಜೊತೆಗೆ ‘ಬಿ ಸಿಗಿಂತ ಮೊದಲು’ ಅಂತ ಇನ್ನೊಂದು ನಿಯಮ ಇದೆ ಅಂದುಕೊಳ್ಳಿ. ಉಳಿಯೋದು ಎರಡೇ ಸಾಲು: ಎ–ಬಿ–ಸಿ ಅಥವಾ ಬಿ–ಸಿ–ಎ. ಮೊದಲ ಸಾಲಿನಲ್ಲಿ ಎ 5, 6ನೇ ಜಾಗಕ್ಕೆ ಹೋಗದು. ಎರಡನೆಯದರಲ್ಲಿ 1, 2ನೇ ಜಾಗಕ್ಕೆ ಬಾರದು. ಈಗ ‘ಎ 2ನೇ ಭಾಷಣವಾದರೆ?’ ಅಂತ ಕೇಳಿದರೆ ಮೊದಲ ಸಾಲು ಮಾತ್ರ ನಿಲ್ಲುತ್ತದೆ. ಸಿ 4ಕ್ಕಿಂತ ಮುಂಚೆ ಬರೋಕೆ ಜಾಗವೇ ಇಲ್ಲ. ಸುಮ್ನೆ ಎಲ್ಲ ಜೋಡಣೆ ಬರೆಯುತ್ತಾ ಕೂರಬೇಡಿ.

ಪ್ರಶ್ನೆ: ಒಂದೇ ದಿನ ಇಬ್ಬರು ಮಾತಾಡಬಹುದು ಅಂತಿದ್ದರೆ, ಮೇಡಂ?

ಉತ್ತರ: ಆಗ ಹುಷಾರು. ‘ಆಮೇಲೆ ಅಲ್ಲ’ ಅಂದರೆ ಮೊದಲು ಇರಬಹುದು, ಅದೇ ದಿನವೂ ಇರಬಹುದು. ಮೇಲಿನ ಸುಲಭ ದಾರಿ ಅಲ್ಲಿ ಹಾಗೇ ನಡೆಯದು. ಅದಕ್ಕೇ ನಿಯಮಗಳಿಗೆ ಕೈ ಹಾಕುವ ಮೊದಲು ‘ಒಂದು ಜಾಗಕ್ಕೆ ಒಬ್ಬರೇನಾ?’ ಅಂತ ನೋಡಿಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಎಸ್‌ಎಟಿಯಲ್ಲಿ ಈ ಲಾಜಿಕ್ ಗೇಮ್ಸ್ ವಿಭಾಗವನ್ನು ತೆಗೆದುಹಾಕಿದ್ದಾರಂತೆ, ಹೌದಾ?

ಉತ್ತರ: ಹೌದು, ಆಗಸ್ಟ್ 2024ರಿಂದ ಆ ವಿಭಾಗ ಇಲ್ಲ. ನಿಮ್ಮ ಗುರಿ ಅದೊಂದೇ ಆಗಿದ್ದರೆ ಈ ಸಮಯವನ್ನು ಲಾಜಿಕಲ್ ರೀಸನಿಂಗ್‌ಗೆ (ವಾದಗಳನ್ನು ಪರಿಶೀಲಿಸುವ ವಿಭಾಗ) ಕೊಡಿ.